ಅಕ್ಕನ ಕಾಯಿಲೆಗೆ ಹೊದಿಸಿದ ಶಾಲು

ಹೇಳದೆ ಕೇಳದೆ ಬರುವ ಫೋನೆಂದರೆ ನನಗೆ ಆಗುವುದಿಲ್ಲ. ಅದು ಬಡಿದುಕೊಂಡ ಕ್ಷಣದಲ್ಲೇ ಬಂಧುಬಳಗದ ಅರ್ಧ ಜನ ನನ್ನ ತಲೆಯೊಳಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಬಿಟ್ಟಿರುತ್ತಾರೆ. "ಹಲೋ" ಅನ್ನುವಷ್ಟರಲ್ಲಿ ಯಾವ ಬಸ್ಸು ಹಿಡಿಯಬೇಕು, ಶಾಲೆಯಲ್ಲಿ ರಜೆ ಯಾರಿಗೆ ಹೇಳಬೇಕು ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಮೊನ್ನೆ ಭಾನುವಾರ ಚಿಂತಾಮಣಿಯ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ಹಾಗೊಂದು ಫೋನ್ ಬಂತು. ನೋಡಿದರೆ ಅಕ್ಕನದು, ಹಿಂದೆ ಶಿಡ್ಲಘಟ್ಟದ ಕಡೆ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ. ಕಾವಲಿ ಇಳಿಸಿ, ಗ್ಯಾಸ್ ಆರಿಸಿ, ಆರಿದೆಯೇ ಎಂದು ಬಗ್ಗಿ ನೋಡಿ, ಅನುಮಾನ ಬಂದು ಇನ್ನೊಮ್ಮೆ ಬಗ್ಗಿ, ಆಮೇಲೆ ಎತ್ತಿಕೊಂಡೆ.

"ಟೀಚರಮ್ಮ, ಯಾರೂ ಸತ್ತಿಲ್ಲ," ಎಂದೇ ಶುರುಮಾಡಿದರು ಅಕ್ಕ. ನನ್ನನ್ನು ಚೆನ್ನಾಗಿ ಬಲ್ಲವರು. "ಒಂದು ತಮಾಷೆ ಹೇಳಣ ಅಂತ ಮಾಡ್ದೆ. ನಾನು ರೇಷ್ಮೆ ಹುಳ ಸಾಕೋದು ಬಿಟ್ಬಿಟ್ಟೆ ನೋಡಿ, ಅದಕ್ಕೆ ನಮ್ಮ ಕಡೆ ಬೆಳೆಗಾರ್ರೆಲ್ಲ ಸೇರ್ಕೊಂಡು ಸನ್ಮಾನ ಮಾಡಿದ್ರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ. ಒಬ್ರು ಮೈಕ್ ಹಿಡ್ಕೊಂಡು 'ಶುಚಿತ್ವ ಅಂದ್ರೆ ಈ ತಾಯಿ, ಈ ತಾಯಿ ಕೈ ನೋಡಿ ಕಲೀರಿ' ಅಂದ್ಬಿಟ್ರು ಕಣಮ್ಮ! ನಗು ತಡೀಲಾರ್ದೆ ಹಾರದಲ್ಲಿ ಮುಖ ಮುಚ್ಕೊಂಡೆ. ಅಳ್ತಾವ್ಳೆ ಅಂದ್ಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದ್ರು. ನನ್ನ ಕಾಯಿಲೆಗೇ ಶಾಲು ಹೊದಿಸ್ಬಿಟ್ರಲ್ಲ ಟೀಚರಮ್ಮ!"

ನಾವಿಬ್ಬರೂ ಎಷ್ಟು ನಕ್ಕೆವೆಂದರೆ ನಮ್ಮ ಮನೆಯವರು ಹೆದರಿ ಅಡುಗೆಮನೆಗೆ ಬಂದು ನೋಡಿದರು. ಆ ಕೈಗಳನ್ನು ಸುತ್ತಮುತ್ತಲ ಹಳ್ಳಿಗಳೆಲ್ಲ ಹೊಗಳಿದ್ದು ನನಗೆ ಗೊತ್ತು. ಅದೇ ಕೈ ಒಂದು ಹಸುಗೂಸನ್ನು ಹಿಡಿಯುತ್ತದೋ ಇಲ್ಲವೋ ಎಂದು ನಾವೊಂದಿಷ್ಟು ಜನ ಬಚ್ಚಲುಮನೆಯ ಬಾಗಿಲಲ್ಲಿ ಕಾದು ನಿಂತದ್ದೂ ಗೊತ್ತು. ಮೈಕಿನವರಿಗೆ ಅದೆಲ್ಲಿ ತಿಳಿಯಬೇಕು? "ಅಕ್ಕ, ಇದನ್ನ ಬರೀತೀನಿ," ಎಂದೆ. "ಬರೀರಿ. ಹೆಸರು ಮಾತ್ರ ಬೇಡ. ಶಿಡ್ಲಘಟ್ಟದ ಕಡೆಯೋಳು ಅಂತ ಹಾಕಿ, ಸಾಕು. ಈ ಕಡೆ ಕೈ ತೊಳಿಯೋ ಹೆಂಗಸ್ರಿಗೇನು ಬರವಾ!"

ಶಿಡ್ಲಘಟ್ಟದ ಹೈಸ್ಕೂಲಿಗೆ ವರ್ಗವಾದ ಹೊಸದರಲ್ಲಿ ನಾನು ಪೇಟೆಯಲ್ಲಿ ಮನೆ ಹುಡುಕಿದೆ. ಸಿಕ್ಕವಕ್ಕೆಲ್ಲ ನನ್ನ ಕಣ್ಣಿಗೆ ಒಂದೊಂದು ಅಪಾಯ ಕಾಣಿಸಿತು. ಒಂದರ ಪಕ್ಕ ಟ್ರಾನ್ಸ್‌ಫಾರ್ಮರ್, ಒಂದರ ಗೋಡೆಯಲ್ಲಿ ಬಿರುಕು, ಇನ್ನೊಂದರ ಮೆಟ್ಟಿಲು ಕಡಿದು. ಕೊನೆಗೆ ಪೇಟೆಯಿಂದಾಚೆ ಹಿಪ್ಪುನೇರಳೆ ತೋಟಗಳ ನಡುವಿನ ಹಳ್ಳಿಯೊಂದರಲ್ಲಿ ಅಕ್ಕನ ಮನೆಯ ಪಕ್ಕದ ಭಾಗ ಬಾಡಿಗೆಗಿದೆ ಎಂದು ಯಾರೋ ಹೇಳಿದರು. ಹೋದೆ. ಗೇಟಿನ ಬಳಿ ಎತ್ತರದ ತೆಳ್ಳನೆಯ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಚೆಂಬು ಹಿಡಿದು ನಿಂತಿದ್ದರು.

"ಕಾಲು ತೊಳ್ಕೊಳಿ."

ತೊಳೆದೆ. ಅವರು ಬಗ್ಗಿ ನೋಡಿ, "ಹಿಮ್ಮಡಿ," ಎಂದರು. ಹಿಮ್ಮಡಿಯನ್ನೂ ತೊಳೆದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಹಿಂತಿರುಗುತ್ತಿದ್ದರು. ನನಗೋ ಎಲ್ಲಿಲ್ಲದ ಸಂತೋಷ. ನನಗಿಂತ ಹೆಚ್ಚು ಹೆದರುವ ಒಂದು ಜೀವ ಈ ಭೂಮಿಯ ಮೇಲೆ ಇದೆಯಲ್ಲ! ಮನೆಯೊಳಗೆ ಕಾಲಿಡುವ ಮೊದಲೇ ಬಾಡಿಗೆಗೆ ಒಪ್ಪಿಕೊಂಡುಬಿಟ್ಟೆ.

ಅಕ್ಕ ಬರುವ ಮೊದಲೇ ಅವರ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಎರಡು ಕೈಗಳನ್ನೂ ಎದೆಯ ಮುಂದೆ ಎತ್ತಿ ಹಿಡಿದು, ಈಗಷ್ಟೇ ಮದರಂಗಿ ಹಾಕಿಸಿಕೊಂಡವರ ಹಾಗೆ ಯಾವುದಕ್ಕೂ ತಗುಲಿಸದೆ ನಡೆಯುತ್ತಿದ್ದರು. ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಿದ್ದರು. ಮುಖ ನೋಡಿದರೆ ನಲವತ್ತರ ಆಸುಪಾಸು, ಅಂಗೈ ನೋಡಿದರೆ ಅವರ ಅಜ್ಜಿಯದು. ಚರ್ಮ ಬೆಳ್ಳಗೆ ಸುಲಿದು, ಗೆರೆಗೆರೆಯಾಗಿ ಒಡೆದು, ಉಪ್ಪಿನಕಾಯಿ ಮುಟ್ಟಿದರೆ "ಸ್ಸ್" ಎನ್ನುತ್ತಿದ್ದರು. ಯಾವ ಕೆಲಸ ಮುಗಿಸಿದರೂ ಒಂದು ಮಾತು: "ಇರ್ಲಿ, ಇನ್ನೊಂದ್ಸಲ ನೋಡ್ಬಿಡಣ." ನನ್ನ ಬಾಳಿನ ಮಂತ್ರವೂ ಅದೇ ಆದ್ದರಿಂದ ನಮ್ಮಿಬ್ಬರಿಗೆ ತಕ್ಷಣ ಹೊಂದಿಕೆಯಾಯಿತು. ನನ್ನ ಮನೆಯ ಬೀಗವನ್ನು ಅವರು ಎಳೆದು ನೋಡುವರು, ಅವರದನ್ನು ನಾನು. ಇಬ್ಬರೂ ಸೇರಿ ಬಸ್‌ಸ್ಟಾಪಿನವರೆಗೆ ಹೋಗಿ, ಇಬ್ಬರೂ ಸೇರಿ ವಾಪಸು ಬಂದು ನೋಡಿದ್ದೂ ಉಂಟು.

ರೇಷ್ಮೆ ಹುಳು ಸಾಕುವ ಮನೆ ಎಂದರೆ ಭಯಕ್ಕೆ ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಂಡ ಜಾಗ. ಹೊರಗಿನವರ ಕಾಲಿನ ಧೂಳಲ್ಲಿ ರೋಗ ಬಂದುಬಿಡುತ್ತದೆ. ಅದಕ್ಕೇ ಹೊಸ್ತಿಲಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಗೋಣಿತಾಟು. ಊದುಬತ್ತಿ, ಹೊಗೆಸೊಪ್ಪು, ಜೋರು ಒಗ್ಗರಣೆ ಯಾವುದರ ವಾಸನೆಯೂ ಆಗದು. ಪಕ್ಕದ ಹೊಲದವರು ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತರೆ ಇಡೀ ಬೆಳೆ ಹೋಯಿತು. ಕೈ ತೊಳೆಯಬೇಕು, ಕಾಲು ತೊಳೆಯಬೇಕು, ತಟ್ಟೆ ತೊಳೆಯಬೇಕು, ಗೋಡೆಯನ್ನೂ ತೊಳೆಯಬೇಕು. ಇಂಥ ಕಡೆ ತೊಳೆಯುವುದೇ ಕಾಯಿಲೆಯಾದ ಹೆಂಗಸೊಬ್ಬಳು ಇದ್ದರೆ ಯಾರಿಗೆ ಗೊತ್ತಾಗಬೇಕು? ಅಕ್ಕನಿಗೆ ಬೆಳೆ ತಪ್ಪಿದ್ದೇ ಇಲ್ಲ. ಹೊಸ ಬೆಳೆಗಾರರು ಟೆಂಪೊ ಮಾಡಿಕೊಂಡು ಬಂದು ಅಕ್ಕ ಕೈ ತೊಳೆಯುವುದನ್ನು ಸುತ್ತ ನಿಂತು ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗುತ್ತಿದ್ದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚಿಸುವ ಸಾಹೇಬರೊಬ್ಬರು ಅಕ್ಕನ ಗೂಡಿಗೆ ಕೈಹಾಕಿ, "ಈ ಅಮ್ಮಂದು ಮಾಲು ಅಂದ್ರೆ ಕಣ್ಣು ಮುಚ್ಕೊಂಡು ತಗೋಬೋದು," ಎನ್ನುತ್ತಿದ್ದರಂತೆ. ಅಕ್ಕನ ಅತ್ತೆ ಬದುಕಿರುವವರೆಗೂ ಬಂದವರ ಮುಂದೆಲ್ಲ ತೆಲುಗಿನಲ್ಲಿ "ಮಾ ಕೋಡಲು ಬಂಗಾರಮಮ್ಮಾ," ನಮ್ಮ ಸೊಸೆ ಬಂಗಾರ ಎಂದು ಹೊಗಳಿದ್ದೇ ಹೊಗಳಿದ್ದು.

ಊರಿನವರಿಗೆ ಅಕ್ಕನ ಮೇಲಿದ್ದ ದೂರು ಒಂದೇ. ಇಷ್ಟೊಂದು ಹುಳುಗಳನ್ನು ಅಂಗೈ ಮೇಲಿಟ್ಟುಕೊಂಡು ಸಾಕಿದವಳು ತನ್ನ ಒಬ್ಬಳೇ ಮಗಳು ಸವಿತಾ ಕೂಸಾಗಿದ್ದಾಗ ಅವಳಿಗೆ ಒಂದು ದಿನವೂ ನೀರು ಹಾಕಲಿಲ್ಲ ಎಂಬುದು. ಎಲ್ಲ ಅತ್ತೆಯೇ ಮಾಡಿದ್ದು. ಸವಿತಾ ಬಿ.ಎಡ್. ಮುಗಿಸಿ ಮದುವೆಯಾಗಿ ಗೌರಿಬಿದನೂರಿಗೆ ಹೋದವಳು. ತವರಿಗೆ ಬಂದಾಗ ಜಗಲಿಯ ಮೇಲೆ ಕೂತು ಕಾಲಾಡಿಸುತ್ತ, "ನಮ್ಮಮ್ಮಂಗೆ ಮಕ್ಕಳು ಅಂದ್ರೆ ಹುಳಾನೇ ಆಂಟಿ. ನಾನು ಸೊಪ್ಪು ತಿಂದಿದ್ರೆ ನನ್ನೂ ನೋಡ್ಕೋತಿದ್ಲು," ಎನ್ನುತ್ತಿದ್ದಳು. ನಗುತ್ತಲೇ ಹೇಳುವಳು. ಅಕ್ಕ ಮಾತ್ರ ನಗುತ್ತಿರಲಿಲ್ಲ. ಎದ್ದು ಹೋಗಿ ಕೈ ತೊಳೆಯುತ್ತಿದ್ದರು.

ನನಗೆ ಅನುಮಾನ ಬಂದದ್ದು ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ. ಗೂಡು ಮಾರುಕಟ್ಟೆಗೆ ಹೋಗಿ ಮುಂದಿನ ಮೊಟ್ಟೆ ಬರುವವರೆಗೆ ಹುಳುಮನೆ ಖಾಲಿ. ಊರಿನ ಹೆಂಗಸರೆಲ್ಲ ಆಗ ಬೆನ್ನು ನೆಟ್ಟಗೆ ಮಾಡಿಕೊಂಡು ನೆಂಟರ ಮನೆಗೆ ಹೋಗುತ್ತಾರೆ. ಅಕ್ಕನಿಗೆ ಆಗಲೇ ಹೆಚ್ಚು. ಒಂದು ದಿನ ತೊಟ್ಟಿಯ ಬಳಿ ನಿಂತು ತೊಳೆಯುತ್ತಲೇ ಇದ್ದರು, ನಾನು ಒಂದು ಕಟ್ಟು ಉತ್ತರ ಪತ್ರಿಕೆ ತಿದ್ದಿ ಎದ್ದರೂ ಅಲ್ಲೇ ಇದ್ದರು.

"ಅಕ್ಕ, ಈಗ ಹುಳ ಇಲ್ವಲ್ಲ?"

ಅಕ್ಕ ನಲ್ಲಿ ನಿಲ್ಲಿಸದೆ ನನ್ನನ್ನೇ ನೋಡಿದರು. "ಅದೇ ಟೀಚರಮ್ಮ. ಹುಳ ಇದ್ದಾಗ ಯಾತಕ್ಕೆ ತೊಳೀತೀನಿ ಅಂತ ಹೇಳಕ್ಕಾದ್ರೂ ಬರ್ತದೆ. ಹುಳ ಇಲ್ದಾಗ ಏನು ಹೇಳ್ಲಿ?"

ಆ ದಿನದಿಂದ ತುಣುಕು ತುಣುಕಾಗಿ ಹೇಳತೊಡಗಿದರು. ಅವರ ತವರು ಮಂಚೇನಹಳ್ಳಿಯ ಹತ್ತಿರ. ಚಿಕ್ಕಂದಿನಲ್ಲಿ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. "ನಾನು ಸ್ಕೂಲಲ್ಲಿದ್ದಾಗ ಅಮ್ಮ ಸತ್ತೋಗ್ತಾಳೆ ಅಂತ ಭಯ. ಅಮ್ಮ ನೋಡಿದ್ರೆ ಕಲ್ಲುಗುಂಡಿನಂಗೆ ಎಮ್ಮೆ ಹಾಲು ಕರೀತಾ ಕೂತಿರೋಳು. ಹೊಟ್ಟೇಲಿ ಹುಳ ಐತೆ ಅಂತ ಔಷಧಿ ಕುಡಿಸಿದ್ರು!" ಸ್ವಲ್ಪ ದೊಡ್ಡವರಾದ ಮೇಲೆ ಹೊಟ್ಟೆನೋವು ಹೋಯಿತು, ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಣಗುವುದು ಬಂತು. ಮೇಷ್ಟ್ರು "ಎದ್ದು ನಿಂತು ಪಾಠ ಓದು" ಎಂದ ದಿನ ಮನೆಗೆ ಬಂದವರು ಮತ್ತೆ ಶಾಲೆಗೆ ಹೋಗಲಿಲ್ಲ. ಅವರಪ್ಪ ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋದರಂತೆ. "ಅಲ್ಲಿ ಕೂತಿದ್ರೆ ಎದೆ ಹಗುರ ಆಗ್ತಿತ್ತು ಕಣಮ್ಮ, ಸುಳ್ಳು ಹೇಳಬಾರ್ದು. ಮನೆ ಬಾಗಿಲಿಗೆ ಬರ್ತಿದ್ದಂಗೆ ಮತ್ತೆ ಅಷ್ಟೇ." ಆಮೇಲೆ ಮದುವೆ, ಹುಳು, ತೊಳೆಯುವುದು. ಮಗಳು ಹುಟ್ಟಿದ ಕಾಲದ ಮಾತು ಬಂದಾಗ ಮಾತ್ರ ಅಕ್ಕ ಸೊಪ್ಪು ತರಬೇಕೆಂದು ಎದ್ದುಬಿಡುತ್ತಿದ್ದರು. ಹುಳುಗಳಿಲ್ಲದ ಮನೆಯಲ್ಲಿ ಯಾರಿಗೆ ಸೊಪ್ಪೋ!

ಅತ್ತೆ ತೀರಿಕೊಂಡ ವರ್ಷ ಅಕ್ಕನಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಚಿಕ್ಕಬಳ್ಳಾಪುರಕ್ಕೆ ಹೋಗಿ ಇಸಿಜಿ ಮಾಡಿಸಿದರು. "ಹಾರ್ಟ್ ಚೆನ್ನಾಗೈತೆ ಅಂದ್ರು. ಅದು ಕೇಳಿ ಇನ್ನೂ ಭಯ ಆಯ್ತು. ಹಾರ್ಟ್ ಅಲ್ಲ ಅಂದ್ರೆ ಇನ್ನೇನು ಬಂದೈತೋ!" ಕೈಗೆ ಚರ್ಮದ ಡಾಕ್ಟರು, ಹೊಟ್ಟೆಗೆ ಇನ್ನೊಬ್ಬರು, ನಿದ್ದೆಗೆಂದು ಯಾರೋ ಕೊಡಿಸಿದ ಮಾತ್ರೆ. ಆಮೇಲೆ ಆ ಮಾತ್ರೆಯಿಲ್ಲದೆ ನಿದ್ದೆಯೇ ಇಲ್ಲ. ಒಬ್ಬ ಹೆಂಗಸನ್ನು ತುಂಡು ತುಂಡು ಮಾಡಿ ಊರೂರಲ್ಲಿ ತೋರಿಸಿದ್ದರು. ಇಡೀ ಅಕ್ಕನನ್ನು ಯಾರೂ ನೋಡಿರಲಿಲ್ಲ.

ಹೀಗಿರುವಾಗ ಇದ್ದಕ್ಕಿದ್ದಂತೆ ಅಕ್ಕ ಕೈ ತೊಳೆಯುವುದು ಕಡಿಮೆಯಾಯಿತು. ಅಕ್ಕನ ಯಜಮಾನರು ಅಪರೂಪಕ್ಕೆ ಮಾತಾಡುವವರು, ಅವರೇ ಬಂದು "ಪರವಾಗಿಲ್ಲ ಟೀಚರ್, ಈಗ ತೊಳಿಯೋದು ಬಿಟ್ಟವ್ಳೆ," ಎಂದು ಬೀಗಿದರು. ನಾನೂ ಖುಷಿಪಟ್ಟು ಕೇಸರಿಬಾತ್ ಮಾಡಿಕೊಂಡು ಹೋದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಇಡಿ ಅಲ್ಲಿ," ಎಂದರು. ಕಾಲು ತೊಳೆದಿರಾ ಎಂದು ಕೇಳಲಿಲ್ಲ. ನಾನು ಬೇಕೆಂದೇ ತೊಳೆಯದ ಕಾಲಲ್ಲಿ ಮಂಚದವರೆಗೆ ಹೋದೆ, ಆಗಲೂ ಕೇಳಲಿಲ್ಲ. ಆಗ ಅರ್ಥವಾಯಿತು. ಭಯ ಹೋಗಿರಲಿಲ್ಲ, ತೊಳೆಯಲು ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಆ ಸಲ ಮೊಟ್ಟೆ ತರಿಸಬೇಡಿ ಎಂದುಬಿಟ್ಟರು. ಊರಿನವರು "ವಯಸ್ಸಾಯ್ತು, ಸೋಮಾರಿತನ," ಎಂದರು. ವರ್ಷಗಟ್ಟಲೆ ಹೊಗಳಿದ ಬಾಯಿಗಳೇ.

ಇದೇ ಹೊತ್ತಿನಲ್ಲಿ ನನ್ನದೂ ಒಂದು ಕತೆ ನಡೆಯಿತು. ಒಂಬತ್ತನೇ ತರಗತಿಗೆ ಹೃದಯದ ಪಾಠ ಮಾಡುತ್ತ, ಬೋರ್ಡಿನ ಮೇಲೆ ಕವಾಟ ಬರೆಯುತ್ತಿದ್ದೆ. ನನ್ನದೇ ಕವಾಟ ದಡಬಡ ಹೊಡೆದುಕೊಂಡು, ಕಣ್ಣು ಕತ್ತಲೆ ಬಂದು, ಚಾಕ್‌ಪೀಸ್ ಹಿಡಿದೇ ಕುಸಿದು ಕೂತೆ. ಎಲ್ಲ ಪರೀಕ್ಷೆ ಆಯಿತು, ಎಲ್ಲ ಸರಿಯಾಗಿತ್ತು. ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಂದು ದಿನ ಮನಸ್ಸಿನ ಡಾಕ್ಟರು ಬರುತ್ತಾರೆ, ಹೋಗಿ ಎಂದರು ಸಹೋದ್ಯೋಗಿಯೊಬ್ಬರು. ಹೋಗುವುದೇನೋ ಸರಿ, ಮಕ್ಕಳ ತಂದೆತಾಯಿ ಯಾರಾದರೂ ನೋಡಿದರೆ? ಉಪಾಯ ಹೊಳೆಯಿತು. ಅಕ್ಕನನ್ನು ಜೊತೆಗೆ ಕರೆದುಕೊಂಡರೆ, ಯಾರಾದರೂ ಕೇಳಿದಾಗ ಅಕ್ಕನನ್ನು ತೋರಿಸಲು ಬಂದೆ ಅನ್ನಬಹುದು! ಅಕ್ಕ ಬಲು ಸುಲಭವಾಗಿ ಎದ್ದು ಹೊರಟರು. ಅವರು ಯಾಕೆ ಅಷ್ಟು ಸುಲಭವಾಗಿ ಹೊರಟರೆಂದು ಆಮೇಲೆ ತಿಳಿಯಿತು. ಯಾರಾದರೂ ಕೇಳಿದರೆ ಟೀಚರನ್ನು ತೋರಿಸಲು ಬಂದೆ ಅನ್ನುವ ಯೋಚನೆ ಅವರದು. ಇಬ್ಬರೂ ತಲೆಯ ಮೇಲೆ ಸೆರಗು ಹೊದ್ದು ಬೆಂಚಿನ ಮೇಲೆ ಕಳ್ಳಿಯರ ಹಾಗೆ ಕೂತೆವು.

ಡಾಕ್ಟರು ಚಿಕ್ಕ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿ ಆಗಿದ್ದರೆ ಎಂಬ ಭಯಕ್ಕೆ ಮೊದಲು ಅವರ ಊರು ವಿಚಾರಿಸಿಕೊಂಡೆ. ಅವರು ನಕ್ಕು ನನ್ನನ್ನು ಕೇಳಿದರು, "ಎಷ್ಟು ದಿನದಿಂದ ಹೀಗಾಗ್ತಿದೆ?"

"ಚಿಕ್ಕೋಳಿದ್ದಾಗಿಂದ," ಎಂದರು ಅಕ್ಕ.

"ಇವರಿಗಾ?"

"ಅಲ್ಲಮ್ಮ, ನಂಗೆ."

ಡಾಕ್ಟರು ಮತ್ತೆ ನನ್ನ ಕಡೆ ತಿರುಗಿ, "ನಿದ್ದೆ ಹೇಗೆ?" ಎಂದರು. "ಮಾತ್ರೆ ಇಲ್ದೆ ಕಣ್ಣು ಮುಚ್ಚಲ್ಲ," ಅಕ್ಕನ ಉತ್ತರ. "ಊಟ?" "ಸೇರಲ್ಲ." "ಬೇಡ ಅಂದ್ರೂ ಮತ್ತೆ ಮತ್ತೆ ಬರೋ ಕೆಟ್ಟ ಯೋಚನೆ ಏನಾದ್ರೂ ಇದೆಯಾ?" ತಿರುಗಿ ನೋಡಿದರೆ ಅಕ್ಕ ಅಳುತ್ತಿದ್ದರು. ಡಾಕ್ಟರು ಮೆತ್ತಗೆ, "ಮೇಡಂ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು. ರೋಗಿ ನಾನು, ಹೊರಗೆ ಹಾಕಿದ್ದೂ ನನ್ನನ್ನೇ. ಬೆಂಚಿನ ಮೇಲೆ ಕೂತವಳಿಗೆ ನನ್ನ ಎದೆಬಡಿತ ನೆನಪೇ ಆಗಲಿಲ್ಲ, ಒಳಗೆ ಅಕ್ಕ ಏನು ಹೇಳುತ್ತಿದ್ದಾರೋ ಎಂಬುದೊಂದೇ ಕುತೂಹಲ.

ಬಹಳ ಹೊತ್ತಿನ ಮೇಲೆ ಒಳಗೆ ಕರೆದರು. ಅಕ್ಕನ ಮುಖ ಅತ್ತು ಊದಿತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. "ಇವ್ರಿಗೂ ಹೇಳಿ ಡಾಕ್ಟ್ರೇ," ಎಂದರು. ಡಾಕ್ಟರು ಹೇಳಿದ್ದರ ಸಾರ ಇಷ್ಟು. ಆತಂಕದ ಕಾಯಿಲೆ ಎಷ್ಟೋ ಸಲ ಒಂಟಿಯಾಗಿ ಇರುವುದಿಲ್ಲ. ಎಳೆತನದಲ್ಲಿ ಹೊಟ್ಟೆನೋವಾಗಿ ಕಾಣಿಸಿದ್ದು ಹರೆಯದಲ್ಲಿ ಜನರೆದುರು ನಿಲ್ಲುವ ಹೆದರಿಕೆಯಾಗಬಹುದು. ಮುಂದೆ, ಬೇಡದ ಯೋಚನೆಯನ್ನೇ ಮತ್ತೆ ಮತ್ತೆ ತರುವ, ತೊಳೆದದ್ದನ್ನೇ ತೊಳೆಯಿಸುವ ಗೀಳು ಜೊತೆ ಸೇರಬಹುದು. ಹೆದರಿ ಹೆದರಿ ಸುಸ್ತಾದ ಮನಸ್ಸಿಗೆ ಖಿನ್ನತೆ ಕವಿಯಬಹುದು. ಇವೆಲ್ಲದರಿಂದ ತಪ್ಪಿಸಿಕೊಳ್ಳಲು ಹಿಡಿದ ನಿದ್ದೆಮಾತ್ರೆ ತಾನೇ ಒಂದು ಕಾಟವಾಗಬಹುದು. ಒಂದನ್ನು ಮಾತ್ರ ನೋಡಿ ಮಿಕ್ಕದ್ದನ್ನು ಬಿಟ್ಟರೆ ವಾಸಿಯಾದಂತೆ ಕಂಡು ಮತ್ತೆ ಬರುತ್ತದೆ.

ಅಕ್ಕ ಕುರ್ಚಿಯ ತುದಿಗೆ ಬಂದಿದ್ದರು. "ಅಂದ್ರೆ ಒಂದೇ ಹುಳ ಡಾಕ್ಟ್ರೇ! ಜ್ವರಕ್ಕೆ ಕೂತು ಎದ್ದಾಗೆಲ್ಲ ಹಳೇ ಪೊರೆ ಬಿಟ್ಟು ಹೊಸ ಪೊರೇಲಿ ಬರ್ತದೆ."

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಯೋಚಿಸಿದರು. "ಪೂರ್ತಿ ಹಾಗೂ ಅಲ್ಲಮ್ಮ. ಒಂದೇ ತಟ್ಟೇಲಿ ಎರಡು ಮೂರು ಥರ ಹುಳ ಇದ್ದಾವೆ ಅಂದ್ಕೊಳಿ. ಒಂದಕ್ಕೆ ಹಾಕಿದ ಸೊಪ್ಪು ತಿಂದು ಇನ್ನೊಂದೂ ದಪ್ಪ ಆಗುತ್ತೆ."

"ಹೌದಾ! ಅದಕ್ಕೇ ಒಬ್ಬೊಬ್ಬ ಡಾಕ್ಟ್ರು ಒಂದೊಂದು ಹುಳ ಎತ್ತಿ ಬಿಸಾಕಿದ್ರೂ ತಟ್ಟೆ ಖಾಲಿ ಆಗ್ಲಿಲ್ಲ!"

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದರು. ಎಷ್ಟೋ ದಿನದಿಂದ ಎರಡು ಮಾತು ಆಡದವರು! "ಇದಕ್ಕೆ ಹೆಸರೈತಂತೆ ಟೀಚರಮ್ಮ! ಬೇರೆಯೋರ್ಗೂ ಬರ್ತದಂತೆ! ನನ್ನೊಬ್ಬಳಿಗೇ ಅಂದ್ಕೊಂಡಿದ್ದೆ!" ಮುಂದಿನ ಸೀಟಿನವರು ಲಾಟರಿ ಹೊಡೆಯಿತೇನೋ ಎಂದು ತಿರುಗಿ ನೋಡಿದರು. ನನ್ನ ಚೀಟಿಯಲ್ಲೂ ಏನೋ ಬರೆದುಕೊಟ್ಟಿದ್ದರು, ಅದರ ಬಗ್ಗೆ ಯಾರೂ ಕೇಳಲಿಲ್ಲ.

ಔಷಧಿಯ ಜೊತೆ ಡಾಕ್ಟರು ಕೊಟ್ಟ ಹೋಮ್‌ವರ್ಕೂ ಇತ್ತು. ಅಕ್ಕ ಚಪ್ಪಲಿ ಮುಟ್ಟಿ, ಕೈ ತೊಳೆಯದೆ, ಭಯ ತಾನಾಗಿ ಇಳಿಯುವವರೆಗೆ ಕೂರಬೇಕು. ನನ್ನದು, ಬೀಗ ಒಂದೇ ಸಲ ಎಳೆದು ಬಂದುಬಿಡಬೇಕು. ಸಂಜೆ ಇಬ್ಬರೂ ಜಗಲಿಯ ಮೇಲೆ ಕೂರುತ್ತಿದ್ದೆವು. ಅಕ್ಕ ಕೈಗಳನ್ನು ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ನಾನು ಬಾಗಿಲಿಗೆ ಬೆನ್ನು ಹಾಕಿ. ಏನೂ ಮಾಡದೆ ಕೂತು ಇಷ್ಟು ಬೆವರಬಹುದೆಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಯಜಮಾನರು ಹಾದುಹೋಗುತ್ತ, "ಎಕ್ಸಾಮಾ?" ಎನ್ನುತ್ತಿದ್ದರು. ಅಕ್ಕ ಎಷ್ಟೋ ದಿನ ಸೋತು ತೊಟ್ಟಿಗೆ ಓಡಿದರು. ಮಧ್ಯೆ ಒಂದು ಸಲ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಎಬ್ಬಿಸಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ನಿದ್ದೆಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸಿದರು. ಕೊನೆಗೆ ಮೊಟ್ಟೆ ತರಿಸಿದಾಗ, ಬೇರೆ ಬೆಳೆಗಾರರು ಎಷ್ಟು ತೊಳೆಯುತ್ತಾರೋ ಅಷ್ಟೇ ತೊಳೆಯಬೇಕೆಂದು ಕಟ್ಟಪ್ಪಣೆಯಾಯಿತು. ಗೂಡು ಹಿಂದಿನಷ್ಟೇ ಚೆನ್ನಾಗಿ ಬಂತು! ನಾವೆಲ್ಲ ಕುಣಿದಾಡಿದೆವು. ಅಕ್ಕನಿಗೆ ಮಾತ್ರ ಸಿಟ್ಟು. "ಹಂಗಾದ್ರೆ ಇಷ್ಟು ವರ್ಷ ನಾನು ಕೈ ಸುಲ್ಕೊಂಡಿದ್ದು ಯಾತಕ್ಕೆ?"

ಆಗ ಸವಿತಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅಕ್ಕ ಫೋನ್ ಮಾಡಿ ಕರೆದರೆ ಅವಳು, "ಬೇಡಮ್ಮ. ಅತ್ತೆ ನೋಡ್ಕೋತಾರೆ. ಮಗೂಗೆ ನೀರು ಹಾಕೋದು ನಿನ್ನ ಕೈಲಿ ಆಗಲ್ಲ ಬಿಡು," ಎಂದಳು. ಸ್ಪೀಕರಿನಲ್ಲಿತ್ತು, ನನಗೂ ಕೇಳಿಸಿತು. ಅಕ್ಕ ಫೋನು ಕೆಳಗಿಟ್ಟು, ಅಂದು ಡಾಕ್ಟರ ಮುಂದೆ ನನ್ನನ್ನು ಹೊರಗೆ ಕೂರಿಸಿ ಹೇಳಿದ್ದನ್ನು ಮೊದಲ ಸಲ ನನಗೂ ಹೇಳಿದರು. ಮಾರನೆಯ ದಿನವೇ ಇಬ್ಬರೂ ಗೌರಿಬಿದನೂರಿಗೆ ಹೊರಟೆವು. ಮಗಳಿಗೆ ತಾನೇ ಬಾಯಿಬಿಟ್ಟು ಹೇಳಬೇಕು ಎಂಬುದು ಅವರ ಹಟ. ಜೊತೆಗೆ ನಾನಿರಬೇಕು ಎಂಬುದು ಭಯ.

ಸವಿತಾಳ ಅಡುಗೆಮನೆಯಲ್ಲಿ ನಾನು ಕಾಫಿ ಮಾಡುವ ನೆಪದಲ್ಲಿ ನಿಂತಿದ್ದೆ. ನಡುಮನೆಯಿಂದ ಅಕ್ಕನ ದನಿ. "ನೀನು ಹುಟ್ಟಿದಾಗ ನಿನ್ನನ್ನ ಕಾಲ್ಮೇಲೆ ಹಾಕ್ಕೊಂಡ್ರೆ ಒಂದು ಯೋಚನೆ ಬರೋದು ಕಣೇ. ನಾನೇ ನಿನ್ನ ನೀರಲ್ಲಿ ಮುಳುಗಿಸ್ಬಿಡ್ತೀನಿ ಅಂತ. ನಂಗೆ ಬೇಡ, ಆದ್ರೂ ಬರೋದು. ನಾನು ರಾಕ್ಷಸಿ ಅಂದ್ಕೊಂಡೆ. ಅದಕ್ಕೇ ನಿನ್ನ ಅಜ್ಜಿಗೆ ಕೊಟ್ಟು ಹುಳದ ಮನೆ ಸೇರ್ಕೊಂಡೆ. ಹುಳ ಮೇಲಲ್ಲ, ನಿನ್ನ ಮೇಲೇ ಆಸೆ ಇದ್ದಿದ್ದು. ಆಸೆಗೇ ದೂರ ಇದ್ದೆ." ಆಮೇಲೆ, "ಹಂಗೆ ಯೋಚನೆ ಬಂದು ಹೆದರ್ಕೊಳೋರು ಹಂಗೆ ಮಾಡೋರಲ್ಲ, ಅದು ಗೀಳು, ಅಂತ ಡಾಕ್ಟ್ರು ಹೇಳಿದ್ರು. ಆಗ ಹೇಳೋರು ಯಾರೂ ಇರ್ಲಿಲ್ಲ."

ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ನಾನು ಕಂಡರೂ ಆರಿಸಲಿಲ್ಲ.

"ಮತ್ತೆ ಇಷ್ಟು ವರ್ಷ ನಾನು ನಿನ್ನ ಮೇಲೆ ಮಾಡ್ಕೊಂಡಿದ್ ಕೋಪ ಎಲ್ಲಾ ವೇಸ್ಟಾ?" ಎಂದಳು ಸವಿತಾ ಅಳುತ್ತ. ಮೂಗೊರೆಸಿಕೊಂಡು, "ಬರ್ತೀನಿ. ಆದ್ರೆ ನೀರು ನೀನೇ ಹಾಕ್ಬೇಕು. ಅಜ್ಜೀನ್ ಕರ್ಕೊಂಬಾ ಅಂದ್ರೆ ಈಗ ಎಲ್ಲಿಂದ ತರ್ಲಿ?"

ಮಗು ಹುಟ್ಟಿತು, ಹೆಣ್ಣು. ಹೊಕ್ಕುಳಬಳ್ಳಿ ಬಿದ್ದ ಮೇಲೆ ಎರೆಯುವ ದಿನ ಬಂತು. ಅಕ್ಕನ ಯಜಮಾನರು ಬೆಳಗಿನಿಂದಲೇ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಬಚ್ಚಲುಮನೆಯಲ್ಲಿ ಹಂಡೆಯ ನೀರು ಕಾದಿತ್ತು. ಅಕ್ಕ ಮಣೆಯ ಮೇಲೆ ಕೂತು ಸೀರೆಯನ್ನು ಮೊಣಕಾಲಿಗೆ ಸರಿಸಿ ಎರಡೂ ಕಾಲು ಚಾಚಿದರು. ಎಣ್ಣೆ ಹಚ್ಚಿದ ಮಗುವನ್ನು ಸವಿತಾ ಆ ಕಾಲುಗಳ ಮೇಲೆ ಮಲಗಿಸಿ ಕೈ ತೆಗೆದಳು. ಡಾಕ್ಟರು ನಮಗೆಲ್ಲ ಮೊದಲೇ ಎಚ್ಚರಿಸಿದ್ದರು. ಧೈರ್ಯ ಹೇಳಕೂಡದು, ಹೇಳಿದಷ್ಟೂ ಗೀಳಿಗೆ ಸೊಪ್ಪು ಹಾಕಿದ ಹಾಗೆ.

ಅಕ್ಕ ಚೆಂಬೆತ್ತಿದರು. ನನ್ನ ಕಡೆ ತಿರುಗಿ, "ಟೀಚರಮ್ಮ, ಏನೂ ಆಗಲ್ಲ ಅಲ್ವಾ?" ಎಂದರು.

ಎಲ್ಲರನ್ನೂ ಇದೇ ಪ್ರಶ್ನೆ ಕೇಳಿಕೊಂಡು ಬದುಕಿದವಳು ನಾನು. ಇದಕ್ಕೆ ಒಳ್ಳೆಯ ಉತ್ತರ ಸಿಗದೆ ಹೋದರೆ ಹೇಗಿರುತ್ತದೆ ಎಂದು ನನ್ನಷ್ಟು ಬಲ್ಲವರಿಲ್ಲ. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡು, "ಗೊತ್ತಿಲ್ಲ ಅಕ್ಕ," ಎಂದೆ.

"ಒಳ್ಳೇ ಟೀಚರು ನೀವು!" ಎಂದು ದುರುಗುಟ್ಟಿ ನೋಡಿದರು. ಆಮೇಲೆ ಕಣ್ಣು ಕಿರಿದಾಗಿ, ಕೈ ಅಲ್ಲೇ ನಿಂತಿತು. "ಬಂತು ಸವಿತಾ. ಅದೇ ಯೋಚನೆ ಬಂತು ಕಣೇ."

ಸವಿತಾ ಹತ್ತಿರ ಬರಲಿಲ್ಲ, ಮಗುವಿಗೆ ಕೈ ಚಾಚಲೂ ಇಲ್ಲ. "ಬರ್ಲಿ ಬಿಡಮ್ಮ. ಅದರ ಪಾಡಿಗೆ ಅದು ಇರ್ಲಿ. ನೀನು ಹಾಕು."

ಅಕ್ಕ ಹಾಕಿದರು. ಮೊದಲ ಚೆಂಬು ಬೆನ್ನಿನ ಮೇಲೆ ಬಿದ್ದದ್ದೇ ತಡ, ಮಗು ಊರೆಲ್ಲ ಏಳುವ ಹಾಗೆ ಕಿರುಚಿತು. ಅಂಗಳದಿಂದ ಯಜಮಾನರು "ಏನಾಯ್ತು?" ಎಂದು ಓಡಿ ಬಂದರು. "ಏನೂ ಇಲ್ಲ ಹೋಗಿ ಅತ್ಲಾಗೆ, ಮಗು ಅಳ್ತಾ ಐತೆ, ಮಕ್ಕಳು ಅಳ್ತಾವೆ!" ಎಂದು ಅಕ್ಕ ಗದರಿದರು. ಎರಡನೇ ಚೆಂಬು, ಮೂರನೆಯದು. ಒಂದು ಅಂಗೈಯಲ್ಲಿ ಕೂಸಿನ ತಲೆ, ಇನ್ನೊಂದರಲ್ಲಿ ಅದರ ತೊಡೆಯ ಮಡಿಕೆ ತೀಡುತ್ತ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ, ಬಾಯಲ್ಲಿ ಏನೇನೋ ಮುದ್ದು ಬೈಗುಳ. ನಾನು ಬಾಗಿಲಲ್ಲಿ ನಿಂತು ಜೋರಾಗಿ ಅಳುತ್ತಿದ್ದೆನೋ ನಗುತ್ತಿದ್ದೆನೋ, ನೋಡಿದವರು ಹೇಳಬೇಕು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಬಿಸಿ ರೊಟ್ಟಿಯಷ್ಟು ಬೆಚ್ಚಗಿತ್ತು. ಅಕ್ಕ ಏಳಲು ಹೊರಟರು. ಸವಿತಾ ಬಿಡಲಿಲ್ಲ. ಮುಡಿ ಬಿಚ್ಚಿ, ಅಮ್ಮನಿಗೆ ಬೆನ್ನು ಹಾಕಿ, ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

"ಬಾಣಂತಿ ನಾನೂ ಇದೀನಿ. ನಂಗೂ ಹಾಕು."

ಅಕ್ಕ ಒಂದು ಗಳಿಗೆ ಆ ಬೆನ್ನನ್ನೇ ನೋಡಿದರು. ಆಮೇಲೆ ಹಂಡೆಗೆ ಚೆಂಬು ಅದ್ದಿ, ತುಂಬ ಮೊಗೆದು, ಮಗಳ ನೆತ್ತಿಯ ಮೇಲೆ ಸುರಿದರು.

"ಅಮ್ಮಾ, ಸುಡ್ತದೆ!"

"ಸುಡ್ಲಿ ಕಣೇ, ಬಾಣಂತಿಗೆ ಹಿಂಗೇ ಹಾಕೋದು. ಅಲ್ಲಾಡ್ಬೇಡ, ಕೂತ್ಕೋ."